ಒಬ್ಬರೇ ಹಾಕಿಕೊಂಡ ಸೆಂಟು

"ಕರ್ಬೂಜ ತಂದಿದ್ದೀಯೇನೇ?" ಎಂದು ದೊಡ್ಡಮ್ಮ ಅಡುಗೆಮನೆಯಿಂದ ಕೇಳಿದರು. ತಂದಿರಲಿಲ್ಲ. ಮುಂಗೈಗೆ ಎರಡು ಹನಿ ಸೆಂಟು ಹಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದೆ, ಅಷ್ಟೆ. ಮೈಸೂರಿನ ಏಪ್ರಿಲ್ ಸೆಕೆ. ಫ್ಯಾನು ಆ ವಾಸನೆಯನ್ನು ಹೊತ್ತು ನಡುಮನೆ ದಾಟಿಸಿ ಒಲೆಯ ಹತ್ತಿರಕ್ಕೆ ಮುಟ್ಟಿಸಿತ್ತು.

ಪ್ಯಾರಿಸ್‌ನಲ್ಲಿ ಓದುತ್ತಿರುವ ಗೆಳತಿ ರಜೆಗೆ ಬಂದಾಗ ತಂದುಕೊಟ್ಟ ಪುಟ್ಟ ಗಾಜಿನ ನಳಿಕೆ ಅದು. ಅಂಗಡಿಯವರು ಮೂಸಿ ನೋಡಲೆಂದು ಕೊಡುವ ಮಾದರಿ, ಕಿರುಬೆರಳಿನಷ್ಟೂ ಇಲ್ಲ. ಪೂರ್ತಿ ಸೀಸೆ ಫೆಲೋಶಿಪ್ ಹಣದಲ್ಲಿ ಕೊಳ್ಳುವ ಮಾತಲ್ಲ. ಅದರ ಹೆಸರು 'ಲ ಪಾರ್ಫ್ಯಾಂ ದ ತೆರೇಸ್', ಅಂದರೆ ತೆರೇಸ್‌ಳ ಸುಗಂಧ. 1950ರ ದಶಕದಲ್ಲಿ ಫ್ರಾನ್ಸಿನ ಎಡ್ಮೋಂ ರೂಡ್ನಿಟ್ಸ್ಕ ಎಂಬವರು ತಮ್ಮ ಹೆಂಡತಿಗಾಗಿ ಮಾಡಿದ್ದು. ಸುಮಾರು ನಲವತ್ತು ವರ್ಷ ಅದನ್ನು ಆಕೆಯೊಬ್ಬರೇ ಹಾಕಿಕೊಂಡರು, ಅಂಗಡಿಗೆ ಬಂದದ್ದು 2000ದಲ್ಲಿ.

ನನ್ನ ಸಂಶೋಧನೆ ಮೈಸೂರು ಸಂಸ್ಥಾನದ ಗಂಧದೆಣ್ಣೆಯ ಕುರಿತದ್ದು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಗಂಧದ ಕೊರಡು ಹೋಗುವುದು ನಿಂತಾಗ, 1916ರಲ್ಲಿ ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಕೈಹಾಕಿದ ಕಥೆ ನಮ್ಮಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ನಾನು ದಿನವಿಡೀ ಓದುವ ಕಡತಗಳಲ್ಲಿ ತೂಕವಿದೆ, ದರವಿದೆ, ಪೀಪಾಯಿಗಳ ಲೆಕ್ಕವಿದೆ, ಕೊರಡು ಕದ್ದವರ ಮೇಲಿನ ಮೊಕದ್ದಮೆಯಿದೆ. ವಾಸನೆಯೊಂದು ಬಿಟ್ಟು ಎಲ್ಲವೂ ಇದೆ. ಯಾವ ಅಧಿಕಾರಿಯೂ 'ಈ ಎಣ್ಣೆ ಹೀಗಿತ್ತು' ಎಂದು ಒಂದು ಸಾಲು ಬರೆದಿಟ್ಟಿಲ್ಲ. ಅದೇ ಗುಂಗಿನಲ್ಲಿದ್ದ ನನಗೆ ಈ ನಳಿಕೆ ಸಿಕ್ಕಿದ್ದು ಒಂದು ದಾಖಲೆ ಸಿಕ್ಕಂತೆಯೇ ಆಯಿತು. ದಾಖಲೆ ಎಂದಮೇಲೆ ಮೂಸಿ ಸಂತೋಷಪಟ್ಟರೆ ಸಾಲದು. ಯಾರು ಬರೆದದ್ದು, ಯಾರಿಗೆ, ಯಾರ ಕೈಯಿಂದ ಯಾರ ಕೈಗೆ ಬಂತು, ನಡುವೆ ಯಾರಾದರೂ ತಿದ್ದಿದರೇ ಎಂದೆಲ್ಲ ಕೇಳಬೇಕು.

ಈಗಿನ ಮಾರುಕಟ್ಟೆಯ ಭಾಷೆಯಲ್ಲಿ ಇದನ್ನು 'ಫ್ರೂಟಿ ಫ್ಲೋರಲ್' ಎನ್ನುತ್ತಾರೆ. ಹಣ್ಣು ಮತ್ತು ಹೂವು ಕೂಡಿದ್ದು. ಈ ಮಾತು ಕೇಳಿದರೆ ಸೆಂಟಿನ ಹುಚ್ಚಿರುವವರು ಮೂಗು ಮುರಿಯುತ್ತಾರೆ. ಕಳೆದ ಮೂವತ್ತು ವರ್ಷಗಳಲ್ಲಿ ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಗುಲಾಬಿ ಬಣ್ಣದ ಸೀಸೆಗಳಲ್ಲಿ ತುಂಬಿಕೊಂಡ ಸಕ್ಕರೆ ಪಾಕದಂಥ ಸೆಂಟುಗಳಿಗೆಲ್ಲ ಅದೇ ಹೆಸರು. ಆದರೆ ಹಣ್ಣು ಸುಗಂಧದೊಳಗೆ ಬಂದದ್ದು ಅಷ್ಟು ಸುಲಭದ ಕಥೆಯಲ್ಲ.

ಹೂವಿನಿಂದ ಪರಿಮಳ ತೆಗೆಯುವುದು ಹಳೆಯ ವಿದ್ಯೆ. ಗುಲಾಬಿಯನ್ನು ನೀರಿನೊಂದಿಗೆ ಕುದಿಸಿ ಭಟ್ಟಿ ಇಳಿಸಬಹುದು. ಬಿಸಿ ತಡೆಯದ ಮಲ್ಲಿಗೆಯನ್ನು ಕೊಬ್ಬು ಸವರಿದ ಗಾಜಿನ ಮೇಲೆ ಹರಡಿ, ಕೊಬ್ಬಿಗೆ ಅದರ ವಾಸನೆ ಹೀರಿಸಬಹುದು. ದಕ್ಷಿಣ ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಹಾಗೆಯೇ ಮಾಡುತ್ತಿದ್ದರು. ಹಣ್ಣಿನ ಮಾತು ಬೇರೆ. ಕಿತ್ತಳೆ, ನಿಂಬೆಯ ಜಾತಿಯವು ಬಚಾವು, ಸಿಪ್ಪೆ ಹಿಂಡಿದರೆ ಎಣ್ಣೆ ಬರುತ್ತದೆ. ಪೀಚ್, ಪ್ಲಮ್, ಕರ್ಬೂಜಗಳನ್ನು ಭಟ್ಟಿಗೆ ಹಾಕಿದರೆ ಸಿಗುವುದು ಬೆಂದ ಹಣ್ಣಿನ ನೀರು. ಹಾಗಾಗಿ ಸೆಂಟಿನ ಸೀಸೆಯಲ್ಲಿ ನಮಗೆ ಸಿಗುವ ಪೀಚ್ ಹಣ್ಣು ತೋಟದಿಂದ ಬಂದದ್ದಲ್ಲ, ಪ್ರಯೋಗಶಾಲೆಯಿಂದ ಬಂದದ್ದು. ರಸಾಯನವಿಜ್ಞಾನ ಬೆಳೆಯುವವರೆಗೆ ಹಣ್ಣು ಕಾಯಬೇಕಾಯಿತು.

ಆ ಬಾಗಿಲು ತೆರೆದದ್ದು 20ನೇ ಶತಮಾನದ ಮೊದಲ ದಶಕದಲ್ಲಿ ಕೈಗೆ ಬಂದ ಗ್ಯಾಮಾ ಅನ್‌ಡೆಕಾಲ್ಯಾಕ್ಟೋನ್ ಎಂಬ ವಸ್ತು. ಮೂಸಿದರೆ ಮಾಗಿದ ಪೀಚಿನ ಸಿಪ್ಪೆ. ವ್ಯಾಪಾರದಲ್ಲಿ ಇದನ್ನು 'ಆಲ್ಡಿಹೈಡ್ ಸಿ-14' ಎಂದು ಕರೆದರು, ಈಗಲೂ ಕರೆಯುತ್ತಾರೆ. ತಮಾಷೆಯೆಂದರೆ ಅದು ಆಲ್ಡಿಹೈಡೂ ಅಲ್ಲ, ಅದರಲ್ಲಿ ಇಂಗಾಲದ ಪರಮಾಣುಗಳು ಹದಿನಾಲ್ಕೂ ಇಲ್ಲ, ಇರುವುದು ಹನ್ನೊಂದು. ಕಸುಬಿನ ಗುಟ್ಟು ಕಾಯಲು ಇಟ್ಟ ಸುಳ್ಳು ಹೆಸರು ಕೊನೆಗೆ ಅದರ ನಿಜ ಹೆಸರೇ ಆಗಿಬಿಟ್ಟಿತು. (ನನ್ನ ಕಡತಗಳಲ್ಲೂ ಇಂಥ ಹೆಸರುಗಳು ಬೇಕಾದಷ್ಟಿವೆ.) 1919ರಲ್ಲಿ ಜಾಕ್ ಗೆರ್ಲ್ಯಾಂ ಇದನ್ನು 'ಮಿತ್ಸುಕೊ' ಎಂಬ ಸೆಂಟಿನಲ್ಲಿ ಧಾರಾಳವಾಗಿ ಬಳಸಿದರು. ಮರದ ಪಾಚಿಯ ಕಪ್ಪು ನೆರಳಿನ ನಡುವೆ ಒಂದು ಪೀಚ್. ಸಿಹಿಯಲ್ಲ, ಗಂಭೀರ. ಅಂದರೆ ಹಣ್ಣು ಮೊದಲು ಬಂದಾಗ ಬಾಲಕಿಯರ ಲಂಗ ತೊಟ್ಟು ಬರಲಿಲ್ಲ.

ರೂಡ್ನಿಟ್ಸ್ಕ ಹುಟ್ಟಿದ್ದು 1905ರಲ್ಲಿ, ನೀಸ್ ನಗರದಲ್ಲಿ. ಕಸುಬು ಕಲಿತದ್ದು ಗ್ರಾಸ್‌ನಲ್ಲಿ. ಅವರಿಗೆ ಹೆಸರು ತಂದ ಸೆಂಟು 'ಫಾಮ್', ಅಂದರೆ 'ಹೆಣ್ಣು'. ಜರ್ಮನರು ಪ್ಯಾರಿಸ್ಸನ್ನು ಹಿಡಿದಿದ್ದ 1943ರಲ್ಲಿ ಅದನ್ನು ಕೂಡಿಸಿದ್ದು. ತಾನಿದ್ದ ಕಟ್ಟಡದ ಒಂದು ಮಗ್ಗುಲಿಗೆ ಕಸ ಸುರಿಯುವ ಜಾಗ, ಇನ್ನೊಂದು ಮಗ್ಗುಲಿಗೆ ಬಣ್ಣದ ಕಾರ್ಖಾನೆ ಇತ್ತೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅಂಥ ಜಾಗದಲ್ಲಿ ಕುಳಿತು ಅವರು ಹುಡುಕಿದ್ದು ಪ್ಲಮ್ ಹಣ್ಣನ್ನು. 'ಪ್ರುನಾಲ್' ಎಂಬ ಸಿದ್ಧ ಮಿಶ್ರಣ, ಒಣಗಿದ ಪ್ಲಮ್ಮಿನ ವಾಸನೆಯದು, ಫಾಮ್‌ನ ಜೀವಾಳ. 1944ರಲ್ಲಿ ಮಾರ್ಸೆಲ್ ರೋಷಾ ಎಂಬ ವಸ್ತ್ರವಿನ್ಯಾಸಕ ಅದನ್ನು ತಮ್ಮ ಎಳೆಯ ಹೆಂಡತಿ ಎಲೆನ್ ಹೆಸರಿನಲ್ಲಿ ಹೊರತಂದರು. ಮೊದಲು ಕೆಲವೇ ಶ್ರೀಮಂತರಿಗೆ, ಮುಂಗಡ ಹಣ ಪಡೆದು, ಸಂಖ್ಯೆ ಹಾಕಿದ ಸೀಸೆಗಳಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಂಡತಿಗಾಗಿ ಮಾಡಿದ ಸುಗಂಧ ಎನ್ನುವುದು ಆ ಹೊತ್ತಿಗಾಗಲೇ ಮಾರಾಟದ ಒಂದು ಜಾಣ ದಾರಿಯಾಗಿತ್ತು. ಗಂಡ ಹೆಂಡತಿಯನ್ನು ತೋರಿಸುತ್ತಾನೆ, ಊರಿನ ಹೆಂಗಸರು ಆಕೆಯಂತಾಗಲು ಕೊಳ್ಳುತ್ತಾರೆ. ಆ ಸೆಂಟನ್ನು ನಿಜಕ್ಕೂ ಕೂಡಿಸಿದವನ ಹೆಸರು ಸೀಸೆಯ ಮೇಲಿಲ್ಲ. ಫಾಮ್ ರೋಷಾನದು, ರೂಡ್ನಿಟ್ಸ್ಕನದಲ್ಲ. ಇದನ್ನು ನೆನಪಿಟ್ಟುಕೊಂಡೇ ತೆರೇಸ್‌ಳ ಸುಗಂಧದ ಹತ್ತಿರ ಹೋಗಬೇಕು ಎಂದು ನನಗನ್ನಿಸುತ್ತದೆ. ಮುಂದೆ ಅದೇ ಮನುಷ್ಯ ತನ್ನ ಹೆಂಡತಿಗೆಂದು ಒಂದನ್ನು ಮಾಡಿ, ಅದನ್ನು ಮಾರದೆ ಇಟ್ಟುಕೊಂಡದ್ದು ಬರೀ ಪ್ರೀತಿಯ ಕಥೆಯಲ್ಲ. ತನ್ನ ಕಸುಬಿನ ವ್ಯಾಪಾರಕ್ಕೆ ಹಾಕಿದ ಒಂದು ಸಣ್ಣ ಬೀಗವೂ ಹೌದು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ರೂಡ್ನಿಟ್ಸ್ಕ 'ಆರ್ ಎ ಪಾರ್ಫ್ಯಾಂ' ಎಂಬ ಸ್ವಂತ ಸಂಸ್ಥೆ ಕಟ್ಟಿ, ಆಮೇಲೆ ಗ್ರಾಸ್ ಹತ್ತಿರದ ಕಾಬ್ರಿ ಎಂಬ ಗುಡ್ಡದ ಹಳ್ಳಿಗೆ ಹೋಗಿ ನೆಲೆಸಿದರು. ಡಿಯೋರ್ ಕಂಪನಿಗೆ ಅವರಿಂದ 'ಡಿಯೊರಾಮಾ' (1949), 'ಡಿಯೊರಿಸ್ಸಿಮೊ' (1956), 'ಓ ಸೊವಾಜ್' (1966), 'ಡಿಯೊರೆಲ್ಲಾ' (1972) ಬಂದವು. ಹೆಸರುಗಳ ಈ ಪಟ್ಟಿಯನ್ನು ಮೂಗಿನಿಂದ ಓದಿದರೆ ಒಂದು ನಡಿಗೆ ಕಾಣುತ್ತದೆ. ಡಿಯೊರಾಮಾ ಹಣ್ಣು, ಮಸಾಲೆ, ಹೂವು ಎಲ್ಲ ಕಿಕ್ಕಿರಿದ ಮದುವೆ ಮನೆ. ಡಿಯೊರೆಲ್ಲಾಕ್ಕೆ ಬರುವ ಹೊತ್ತಿಗೆ ಮನೆ ಖಾಲಿಯಾಗಿ ಕಿಟಕಿಗಳು ತೆರೆದಿವೆ. ನಡುವೆ ಡಿಯೊರಿಸ್ಸಿಮೊಗಾಗಿ ಅವರು ತೋಟದಲ್ಲಿ ಮ್ಯುಗೆ ಎಂಬ ಪುಟ್ಟ ಬಿಳಿ ಗಂಟೆ ಹೂವನ್ನು ಬೆಳೆಸಿ, ಅದು ಅರಳಿದಾಗಲೆಲ್ಲ ಮೂಸಿ ಕಲಿತರು. ಆ ಹೂವು ಯಾವ ಭಟ್ಟಿಗೂ ತನ್ನ ಪರಿಮಳ ಬಿಟ್ಟುಕೊಡದು. ಅದನ್ನು ಬೇರೆ ವಸ್ತುಗಳಿಂದ ಕಟ್ಟಬೇಕು, ನೆನಪಿನಿಂದ ಚಿತ್ರ ಬರೆದಂತೆ. ಕಡಿಮೆ ವಸ್ತು, ಹೆಚ್ಚು ಗಾಳಿ ಎಂಬ ಆ ಬದಲಾವಣೆ ಎಲ್ಲಿ ನಡೆಯಿತು ಎಂದು ಕೇಳಿದರೆ, ಮಾರಾಟಕ್ಕೆ ಬಂದ ಸೀಸೆಗಳಲ್ಲಿ ಉತ್ತರ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ತೆರೇಸ್ ಅವರ ಕತ್ತಿನ ಮೇಲಿತ್ತು.

ಈಗ ನನ್ನ ಮುಂಗೈಗೆ ಬರುತ್ತೇನೆ. ಹಚ್ಚಿದ ಕೂಡಲೇ ಕಿತ್ತಳೆ ಸಿಪ್ಪೆ. ಫ್ರೆಂಚರು ಮ್ಯಾಂಡರಿನ್ ಎನ್ನುವ ಸಡಿಲ ಸಿಪ್ಪೆಯ ಕಿತ್ತಳೆ. ನಮ್ಮ ಕೊಡಗಿನ ಕಿತ್ತಳೆಯೂ ಅದೇ ಕುಲದ್ದು, ಆದ್ದರಿಂದ ಪರಿಚಯ ಹೇಳಬೇಕಾಗಿಲ್ಲ. ಅದು ಐದು ನಿಮಿಷವೂ ಇರದು. ಅದರ ಹಿಂದೆಯೇ ಕರ್ಬೂಜ. ಇದು ಅಂಗಡಿ ಜ್ಯೂಸಿನ ಕರ್ಬೂಜವಲ್ಲ. ಬೆಳಿಗ್ಗೆ ಹೆಚ್ಚಿ ಮುಚ್ಚಿಟ್ಟು, ಮಧ್ಯಾಹ್ನ ಮುಚ್ಚಳ ತೆಗೆದಾಗ ಬರುತ್ತದಲ್ಲ, ತಂಪು, ನೀರು, ಅದರೊಳಗೆ ಸಣ್ಣದೊಂದು ಹಳಸುವ ಸೂಚನೆ, ಅದು. 1990ರ ದಶಕದಲ್ಲಿ 'ಕ್ಯಾಲೋನ್' ಎಂಬ ವಸ್ತುವಿನಿಂದ ಕಲ್ಲಂಗಡಿ ಮತ್ತು ಸಮುದ್ರದ ವಾಸನೆ ಜಗತ್ತಿನ ಸೆಂಟುಗಳನ್ನೆಲ್ಲ ಆವರಿಸಿತು. ಅದನ್ನು ಫೈಜರ್ ಕಂಪನಿಯ ರಸಾಯನವಿಜ್ಞಾನಿಗಳು ಕಂಡುಕೊಂಡದ್ದೇ 1960ರ ದಶಕದಲ್ಲಿ. ಅಂದರೆ ಅದಿಲ್ಲದ ಕಾಲದಲ್ಲೇ, ಇದ್ದ ಸಾಮಗ್ರಿಯಲ್ಲೇ, ಈ ನೀರಿನ ಹಣ್ಣನ್ನು ರೂಡ್ನಿಟ್ಸ್ಕ ಕಟ್ಟಿದ್ದರು. ಆ ಕಾಲದ ಕೊಳ್ಳುವವರಿಗೆ ಇದು ವಿಚಿತ್ರ ಎನ್ನಿಸಿರುತ್ತಿತ್ತೋ ಏನೋ. ಅವರನ್ನು ಒಪ್ಪಿಸುವ ಅಗತ್ಯವೇ ಇರಲಿಲ್ಲ ಎಂಬುದು ಮುಖ್ಯ. ಒಬ್ಬರು ಒಪ್ಪಿದರೆ ಸಾಕಿತ್ತು.

ಅರ್ಧ ಗಂಟೆಯ ಹೊತ್ತಿಗೆ ಮಲ್ಲಿಗೆ ಬರುತ್ತದೆ, ಜೊತೆಗೆ ಪ್ಲಮ್. ಯಾವುದು ಮೊದಲು ಎಂದು ಹೇಳಲಾಗದ ಹಾಗೆ ಬರುತ್ತವೆ. ಇದರಲ್ಲಿ ಕಣ್ಕಟ್ಟೇನೂ ಇಲ್ಲ, ಕಾರಣ ಹೂವಿನೊಳಗೇ ಇದೆ. ಗ್ರಾಸ್‌ನವರು ಬೆಳೆಯುವ ಮಲ್ಲಿಗೆ ನಾವು ಜಾಜಿ ಎನ್ನುವ ಜಾತಿ. ಅದರ ಸತ್ವದಲ್ಲಿರುವ ಪ್ರಮುಖ ಅಂಶಗಳಲ್ಲೊಂದು ಬೆಂಜೈಲ್ ಅಸಿಟೇಟ್. ಅದನ್ನಷ್ಟೇ ಬೇರೆ ಮಾಡಿ ಮೂಸಿದರೆ ಬಾಳೆಹಣ್ಣು, ಪೇರಳೆಯ ನೆನಪು ಬರುತ್ತದೆ. ನಮ್ಮ ಮೈಸೂರು ಮಲ್ಲಿಗೆ, ಉಡುಪಿಯ ಶಂಕರಪುರದ ಮಲ್ಲಿಗೆಗಳ ಜಾತಿ ಬೇರೆ. ಅದರಲ್ಲಿ ಮಿಥೈಲ್ ಆಂಥ್ರನಿಲೇಟ್ ಎಂಬುದೊಂದಿದೆ, ದ್ರಾಕ್ಷಿ ಪೆಪ್ಪರ್‌ಮೆಂಟಿಗೆ ವಾಸನೆ ಕೊಡಲು ಬಳಸುವುದೂ ಅದನ್ನೇ. ಹೂವಿನೊಳಗೆ ಹಣ್ಣು ಮೊದಲಿನಿಂದಲೂ ಇತ್ತು. ಇನ್ನೊಂದು ಅಂಶವೂ ಇದೆ, ಇಂಡೋಲ್. ಸ್ವಲ್ಪ ನುಸಿಗುಳಿಗೆ, ಸ್ವಲ್ಪ ಕೊಳೆತದ್ದು, ಸ್ವಲ್ಪ ಮೈಯ ವಾಸನೆ. ರಾತ್ರಿ ಮುಡಿದ ದಂಡೆಯನ್ನು ಬೆಳಿಗ್ಗೆ ತೆಗೆದಿಡುವಾಗ ಮೂಗಿಗೆ ತಾಗುವ, ಕಂದಿದ ಹೂವಿನ ಆ ಭಾರವಾದ ಸಿಹಿ ಹೆಂಗಸರಿಗೆಲ್ಲ ಗೊತ್ತು. ಹಣ್ಣು ಮಾಗಿ ಕೆಡುವ ಮುಂಚಿನ ಗಳಿಗೆ, ಹೂವು ಬಾಡುವ ಮುಂಚಿನ ಗಳಿಗೆ, ಎರಡೂ ಒಂದರ ಪಕ್ಕ ಒಂದಿವೆ. ಈ ಸೆಂಟು ನಿಂತಿರುವುದು ಅಲ್ಲಿ. ಅಂಗಡಿಯ ಫ್ರೂಟಿ ಫ್ಲೋರಲ್‌ಗಳಲ್ಲಿ ಹಣ್ಣು ಎಂದೂ ಕೆಡುವುದಿಲ್ಲ, ಹೂವು ಎಂದೂ ಬಾಡುವುದಿಲ್ಲ. ನನಗೆ ಅವು ಬೇಗ ಬೇಸರವಾಗುವುದು ಅದಕ್ಕೇ ಇರಬೇಕು.

ಮೂರು ಗಂಟೆ ಕಳೆದರೆ ಹಣ್ಣು ಹಿಂದೆ ಸರಿಯುತ್ತದೆ. ಸ್ವಲ್ಪ ಮೆಣಸು, ಜಾಯಿಕಾಯಿ ಸುಳಿದು ಹೋಗಿ, ಕೊನೆಗೆ ಉಳಿಯುವುದು ಲಾವಂಚ, ಮರ ಮತ್ತು ತೊಗಲು. ಹೊಸ ಚಪ್ಪಲಿಯ ತೊಗಲಲ್ಲ, ಬಹಳ ವರ್ಷ ಬಳಸಿದ ಕೈಚೀಲದ ಒಳಗಿನದು. ಮಲ್ಲಿಗೆಯ ಪಕ್ಕ ತೊಗಲು ಯಾಕೆ ಎಂದು ಮೊದಲು ಅಚ್ಚರಿಯಾಗಿತ್ತು. ಆಮೇಲೆ ಹೊಳೆಯಿತು, ಗ್ರಾಸ್ ಊರು ಸುಗಂಧಕ್ಕೆ ಬಂದದ್ದೇ ಚರ್ಮ ಹದ ಮಾಡುವ ಕಸುಬಿನಿಂದ. ನಾರುವ ಚರ್ಮದ ಕೈಗವಸುಗಳನ್ನು ಹೂವಿನ ಪರಿಮಳದಲ್ಲಿ ಅದ್ದಿ 16, 17ನೇ ಶತಮಾನದ ಶ್ರೀಮಂತರಿಗೆ ಮಾರಿದವರು ಅಲ್ಲಿನವರು. ಮೊದಲು ತೊಗಲು, ಅದರ ನಾತ ಮುಚ್ಚಲು ಹೂವು. ಈ ನಳಿಕೆಯಲ್ಲಿ ಊರಿನ ಚರಿತ್ರೆ ಹಿಂದುಮುಂದಾಗಿ ಬಿಚ್ಚಿಕೊಳ್ಳುತ್ತದೆ. ಹೂವು ಹೋಗುತ್ತದೆ, ತೊಗಲು ಉಳಿಯುತ್ತದೆ. ನಮ್ಮ ಸೆಕೆಗೆ ಇದೆಲ್ಲ ಬೇಗ ಬೇಗ ನಡೆಯುತ್ತದೆ ಎಂಬುದನ್ನೂ ಹೇಳಬೇಕು. ಕಾಬ್ರಿಯ ಗುಡ್ಡದ ತಂಪಿನಲ್ಲಿ ಕರ್ಬೂಜ ಇನ್ನೂ ಕೊಂಚ ಹೊತ್ತು ಕೂತಿರುತ್ತಿತ್ತು.

ರೂಡ್ನಿಟ್ಸ್ಕ 1996ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಫ್ರೆಡೆರಿಕ್ ಮಾಲ್ ಎಂಬ ಪ್ಯಾರಿಸ್ಸಿನವರೊಬ್ಬರು ಹೊಸ ತರದ ಸುಗಂಧದ ಅಂಗಡಿಯ ಬಗ್ಗೆ ಯೋಚಿಸುತ್ತಿದ್ದರು. ಡಿಯೋರ್ ಸುಗಂಧ ಕಂಪನಿಯನ್ನು 1947ರಲ್ಲಿ ಶುರುಮಾಡಿದ ಸೆರ್ಜ್ ಎಫ್ಲರ್-ಲೂಯಿಷ್ ಅವರ ತಾಯಿಯ ತಂದೆ. ಹಾಗಾಗಿ ಕಾಬ್ರಿಯ ಮನೆಗೂ ಇವರಿಗೂ ಹಳೆಯ ಎಳೆಯೊಂದಿತ್ತು. ಮಾಲ್ ಅವರ ಯೋಚನೆ ಸರಳ. ಪುಸ್ತಕದ ಮೇಲೆ ಲೇಖಕರ ಹೆಸರಿರುತ್ತದೆ, ಪ್ರಕಾಶಕರದ್ದು ಕೆಳಗೆ ಸಣ್ಣದಾಗಿರುತ್ತದೆ. ಸೆಂಟಿನ ಸೀಸೆಯ ಮೇಲೂ ಅದನ್ನು ಕೂಡಿಸಿದವರ ಹೆಸರಿರಲಿ, ನಾನು ಪ್ರಕಾಶಕನಾಗಿರುತ್ತೇನೆ ಎಂದರು. ಸಂಸ್ಥೆಗೆ 'ಎದಿಸಿಯೋಂ ದ ಪಾರ್ಫ್ಯಾಂ', ಸುಗಂಧ ಪ್ರಕಾಶನ ಎಂದೇ ಹೆಸರಿಟ್ಟರು. 2000ದಲ್ಲಿ ಒಂಬತ್ತು ಸೆಂಟುಗಳೊಂದಿಗೆ ಅಂಗಡಿ ತೆರೆಯಿತು. ಒಂಬತ್ತರಲ್ಲಿ ಎಂಟು ಬದುಕಿದ್ದವರವು, ಅವರಲ್ಲಿ ರೂಡ್ನಿಟ್ಸ್ಕರ ಮಗ ಮಿಶೆಲ್ ಕೂಡ ಒಬ್ಬರು. ಒಂಬತ್ತನೆಯದು ತೆರೇಸ್ ಅವರದು. ಸೂತ್ರ ಅವರ ಬಳಿ ಇತ್ತು, ಅವರು ಕೊಟ್ಟರು.

ಈಗ 'ನಿಶ್' ಎಂದು ಕರೆಸಿಕೊಳ್ಳುವ, ಕೆಲವೇ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಸೆಂಟುಗಳ ಚರಿತ್ರೆ ಬರೆಯುವವರು 1976ರ 'ಲಾರ್ತಿಜಾಂ ಪಾರ್ಫ್ಯೂಮರ್'ನಿಂದ ಶುರುಮಾಡಿ ಮಾಲ್ ಅವರ ಈ ಅಂಗಡಿಯನ್ನು ದೊಡ್ಡ ತಿರುವು ಎನ್ನುತ್ತಾರೆ. ಮಾಲ್ ಅವರ ಸಂಸ್ಥೆಯನ್ನೂ ಎಸ್ಟೇ ಲಾಡರ್ ಎಂಬ ಭಾರೀ ಕಂಪನಿ ಕೊಂಡುಕೊಂಡಿದೆ, ವ್ಯವಹಾರ ಮುಗಿದದ್ದು 2015ರಲ್ಲಿ. ಇರಲಿ. ನನ್ನನ್ನು ಕಾಡುವುದು ಸೀಸೆಯ ಮೇಲಿನ ಹೆಸರುಗಳು. ಲೇಖಕ: ಎಡ್ಮೋಂ ರೂಡ್ನಿಟ್ಸ್ಕ. ಶೀರ್ಷಿಕೆ: ತೆರೇಸ್. ಹಾಕಿಕೊಂಡವರು ಶೀರ್ಷಿಕೆಯಲ್ಲಿ ಉಳಿದರು. ನಲವತ್ತು ವರ್ಷ ಅದನ್ನು ಬದುಕಿಸಿದವರು, ಬೇಸಿಗೆಯಲ್ಲಿ ಹೇಗೆ, ಚಳಿಯಲ್ಲಿ ಹೇಗೆ, ಮೈ ಸುಕ್ಕಾದಂತೆ ಹೇಗೆ ಎಂದು ಬಲ್ಲ ಏಕೈಕ ವ್ಯಕ್ತಿ, ಅವರು. ಕೊಡುವುದೋ ಬಿಡುವುದೋ ಎಂಬ ಕೊನೆಯ ನಿರ್ಧಾರವೂ ಅವರದೇ. ಅವರು ಸೂತ್ರವನ್ನು ಕೊಡದಿದ್ದರೆ ಈ ಲೇಖಕರ ಈ ಕೃತಿ ಇರುತ್ತಿರಲಿಲ್ಲ. ಹಸ್ತಪ್ರತಿ ಕಾದಿಟ್ಟವರನ್ನು ಮುನ್ನುಡಿಯ ಕೃತಜ್ಞತೆಯಲ್ಲಿ ಮುಗಿಸಿಬಿಡುವುದು ನಮ್ಮ ಕಡೆಯ ಸಂಪಾದಕರಿಗೂ ಹೊಸದೇನಲ್ಲ.

ಇನ್ನು ದಾಖಲೆಯ ಪ್ರಶ್ನೆ. ನನ್ನ ನಳಿಕೆಯಲ್ಲಿರುವುದು ಅವರು ಹಾಕಿಕೊಂಡ ಅದೇ ದ್ರವವೇ? ಇರಲಾರದು. ಗ್ರಾಸ್‌ನ ಜಾಜಿ ಹೊಲಗಳು ಕುಗ್ಗಿ, ಸುಗಂಧ ಉದ್ಯಮಕ್ಕೆ ಬೇಕಾದ ಮಲ್ಲಿಗೆ ಸತ್ವದ ಬಹುಪಾಲು ಈಗ ಈಜಿಪ್ಟಿನಿಂದ, ನಮ್ಮ ಪಕ್ಕದ ತಮಿಳುನಾಡಿನಿಂದ ಹೋಗುತ್ತದೆ. ಒಂದು ಕಿಲೋ ಸತ್ವಕ್ಕೆ 600 ಕಿಲೋಗೂ ಹೆಚ್ಚು ಹೂವು ಬೇಕು, ಬೆಳಗಿನ ಜಾವವೇ ಬಿಡಿಸಬೇಕು. ಮಣ್ಣು ಬದಲಾದರೆ ಹೂವು ಬದಲಾಗುತ್ತದೆ. ಜೊತೆಗೆ ಕಾನೂನು. ಚರ್ಮಕ್ಕೆ ಅಲರ್ಜಿ ತರುತ್ತವೆಂದು ಹಳೆಯ ವಸ್ತುಗಳಿಗೆ ಒಂದೊಂದಾಗಿ ಮಿತಿ ಬೀಳುತ್ತಿದೆ. ಮಿತ್ಸುಕೊ, ಫಾಮ್‌ಗಳ ಬೆನ್ನೆಲುಬಾಗಿದ್ದ ಓಕ್ ಮರದ ಪಾಚಿಯಲ್ಲಿನ ಎರಡು ಅಂಶಗಳನ್ನು ಯುರೋಪಿಯನ್ ಒಕ್ಕೂಟ 2017ರ ನಿಯಮದಲ್ಲಿ ನಿಷೇಧಿಸಿತು. ಅಂಗಡಿಯಲ್ಲಿ ಇಂದು ಅದೇ ಹೆಸರಿನ, ಅದೇ ಸೀಸೆಯ ಸೆಂಟು ಸಿಗುತ್ತದೆ, ಒಳಗಿನ ಪಾಠ ತಿದ್ದಿದ್ದು. ಯಾವ ಸಾಲು ತಿದ್ದಿದರು ಎಂದು ಅಡಿಟಿಪ್ಪಣಿ ಇರುವುದಿಲ್ಲ, ಏಕೆಂದರೆ ಸೂತ್ರ ವ್ಯಾಪಾರದ ಗುಟ್ಟು. ಪೇಟೆಂಟ್ ಮಾಡಿಸಿದರೆ ಬಹಿರಂಗಪಡಿಸಬೇಕಾಗುತ್ತದೆಂದು ಸೂತ್ರಗಳನ್ನು ಸಾಮಾನ್ಯವಾಗಿ ಪೇಟೆಂಟೂ ಮಾಡಿಸುವುದಿಲ್ಲ. ವರ್ಸೈನಲ್ಲಿ 'ಓಸ್ಮೊತೆಕ್' ಎಂಬ ಸುಗಂಧಗಳ ಪತ್ರಾಗಾರವೊಂದಿದೆ, 1990ರಲ್ಲಿ ಶುರುವಾದದ್ದು. ಹಳೆಯ ಸೆಂಟುಗಳನ್ನು 12 ಡಿಗ್ರಿ ತಂಪಿನಲ್ಲಿ, ಬೆಳಕು ತಾಗದಂತೆ, ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿ ಇಟ್ಟಿದ್ದಾರೆ. ಮೂಸಲು ಕಾಗದದ ಪಟ್ಟಿ ಕೊಡುತ್ತಾರೆ. ಅಲ್ಲಿಗೆ ಒಮ್ಮೆ ಹೋಗಬೇಕೆಂಬ ಆಸೆ ನನಗಿದೆ. ಆದರೆ ಕಾಗದಕ್ಕೆ ಬೆವರಿಲ್ಲ.

ಸೆಂಟು ಕೃತಿಯೇ ಎಂಬ ಜಗಳ ನ್ಯಾಯಾಲಯಕ್ಕೂ ಹೋಗಿತ್ತು. ಸಂಗೀತ, ಸಾಹಿತ್ಯಗಳ ಹಾಗೆ ಇದೂ ಮನಸ್ಸಿನ ಸೃಷ್ಟಿ ಎಂದು ರೂಡ್ನಿಟ್ಸ್ಕ ಜೀವನವಿಡೀ ವಾದಿಸಿದರು, ಅದಕ್ಕಾಗಿ ಪುಸ್ತಕಗಳನ್ನೇ ಬರೆದರು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2006ರ ಜೂನ್ 13ರಂದು, ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಸೆಂಟಿನ ವಾಸನೆಗೆ ಕೃತಿಸ್ವಾಮ್ಯವಿಲ್ಲ, ಅದು ಕಸುಬಿನ ತಿಳಿವಳಿಕೆಯ ಬಳಕೆಯಷ್ಟೆ ಎಂದಿತು. ಮೂರೇ ದಿನಕ್ಕೆ, ಜೂನ್ 16ರಂದು, ನೆದರ್‌ಲ್ಯಾಂಡ್ಸ್‌ನ ಸುಪ್ರೀಂ ಕೋರ್ಟ್ ಕೃತಿಸ್ವಾಮ್ಯ ಸಾಧ್ಯವಿದೆ ಎಂದಿತು. ಅಲ್ಲಿ ಮೊಕದ್ದಮೆಗೆ ಸಿಕ್ಕಿದ್ದು ಲಾಂಕೋಮ್ ಕಂಪನಿಯ 'ಟ್ರೆಜೋರ್', ಪೀಚ್ ಮತ್ತು ಗುಲಾಬಿಯ ಸೆಂಟು, ಅಂದರೆ ನಮ್ಮ ಹಣ್ಣು-ಹೂವಿನ ಮನೆತನದ್ದೇ. ಕೊನೆಗೆ 2018ರಲ್ಲಿ ಯುರೋಪಿಯನ್ ನ್ಯಾಯಾಲಯ ಒಂದು ಚೀಸಿನ ರುಚಿಯ ಮೊಕದ್ದಮೆಯಲ್ಲಿ, ನಿಖರವಾಗಿ ಗುರುತಿಸಿ ಹೇಳಲಾಗದ್ದಕ್ಕೆ ಸ್ವಾಮ್ಯವಿಲ್ಲ ಎಂದು ತೀರ್ಮಾನಿಸಿತು. ನ್ಯಾಯಾಧೀಶರ ಕಷ್ಟ ನನಗೆ ಅರ್ಥವಾಗುತ್ತದೆ. ಮೈಸೂರಿನ ಗುಮಾಸ್ತರದ್ದೂ ಅದೇ ಕಷ್ಟ. ಗಂಧದೆಣ್ಣೆ ಹೇಗಿತ್ತು ಎಂದು ಬರೆಯಲು ಅವರಿಗೆ ಕಡತದಲ್ಲಿ ಅಂಕಣವಿರಲಿಲ್ಲ.

ಈ ಕಥೆಯನ್ನು ನಾನು ದೊಡ್ಡಮ್ಮನಿಗೆ ಹೇಳಿದ್ದು ಒಂದು ಸಂಜೆ, ಅವರು ಹುರುಳಿಕಾಯಿ ಸೋಸುತ್ತಿದ್ದಾಗ. ಸೂತ್ರ, ಕೋರ್ಟು ಇವೆಲ್ಲ ಅವರಿಗೆ ಬೇಡವಾಗಿತ್ತು. "ಗಂಡ ಹೋದಮೇಲೂ ಹಾಕ್ಕೊಂಡ್ರಾ ಆಯಮ್ಮ?" ಎಂದು ಕೇಳಿದರು.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಇಷ್ಟು ಓದಿದ ಮೇಲೂ ಆ ಪ್ರಶ್ನೆ ನನಗೆ ಬಂದಿರಲಿಲ್ಲ. ದೊಡ್ಡಪ್ಪ ತೀರಿಕೊಂಡು ಹನ್ನೊಂದು ವರ್ಷ. ಅದಕ್ಕೆ ಮುಂಚೆ ಈ ಮನೆಯಲ್ಲಿ ಪ್ರತಿ ಸಂಜೆ ಒಂದು ಮೊಳ ಮಲ್ಲಿಗೆ ಬರುತ್ತಿತ್ತು. ದಿನ ಕರ್ಮಗಳ ಹೊತ್ತಿನಲ್ಲಿ ಯಾರೂ ಅವರ ಮುಡಿಯಿಂದ ಹೂವು ಕಿತ್ತು ಎಸೆಯಲಿಲ್ಲ, ನಮ್ಮ ಮನೆಯವರು ಅಷ್ಟು ಕ್ರೂರಿಗಳಲ್ಲ. ಆದರೆ ಹೂವಿನವಳು ಮಾರನೆಯ ತಿಂಗಳಿನಿಂದ ಗೇಟಿನ ಹತ್ತಿರ ನಿಲ್ಲದೆ ಮುಂದೆ ಹೋದಳು, ಯಾರೂ ಅವಳನ್ನು ಕರೆಯಲೂ ಇಲ್ಲ. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ನಡೆದದ್ದು ನನಗೆ ನೆನಪಿಲ್ಲ. ಹೆಂಗಸಿನ ಮೇಲಿನ ವಾಸನೆ ಗಂಡನ ಆಯುಷ್ಯದ ಲೆಕ್ಕಕ್ಕೆ ಸೇರಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಫ್ರಾನ್ಸಿನ ಆ ಮನೆಯಲ್ಲಿ ಗಂಡ ಸತ್ತಮೇಲೆ ಹೆಂಡತಿ ಆ ವಾಸನೆಯನ್ನು ಊರಿಗೆಲ್ಲ ಹಂಚಿದರು.

"ಹಾಕ್ಕೊಂಡಿರ್ತಾರೆ ದೊಡ್ಡಮ್ಮ. ಅದು ಅವರದೇ ಅಲ್ವಾ?" ಎಂದೆ. ಇದು ಸಂಶೋಧಕಿ ಆಡುವ ಮಾತಲ್ಲ. ಆಧಾರ ತೋರಿಸು ಎಂದಿದ್ದರೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅವರು ಕೇಳಲಿಲ್ಲ. ಹುರುಳಿಕಾಯಿಯ ನಾರನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, "ಇದು ಹೂವಂತೂ ಅಲ್ಲ ತಾನೆ" ಎಂದರು. ಹೂವೇ ಇದೆ ಎಂದು ನಾನು ಹೇಳಲಿಲ್ಲ. ಹಣ್ಣಿನದು ಎಂದೆ. ಆಲ್ಡಿಹೈಡ್ ಸಿ-14 ಎಂದು ಹೆಸರಿಟ್ಟವರ ಸಾಲಿಗೆ ನಾನೂ ಸೇರಿದೆ.

ಮುಂಗೈಗೆ ಒಂದು ಹನಿ ಹಚ್ಚಿದೆ, ಇನ್ನೊಂದು ಹನಿ ಸೆರಗಿನ ತುದಿಗೆ ತಾಗಿತು. ಬಟ್ಟೆಯಲ್ಲಿ ವಾಸನೆ ಮೈಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಮೈಯ ಬಿಸಿ ಅದಕ್ಕಿಲ್ಲವಾದ್ದರಿಂದ ಆರುವುದು ನಿಧಾನ. ಬೆಳಿಗ್ಗೆ ಕಾಫಿ ಕೊಡಲು ಬಂದಾಗ ಅವರು ಸೆರಗನ್ನು ಮೂಗಿನ ಹತ್ತಿರ ಹಿಡಿದು ನೋಡಿಕೊಂಡರು.

"ಕರ್ಬೂಜ ಹೋಯ್ತು ಕಣೇ. ಮಲ್ಲಿಗೆ ಇನ್ನೂ ಇದೆ."

ನಳಿಕೆಯಲ್ಲಿ ಕಾಲುಭಾಗ ಉಳಿದಿತ್ತು. ಈಗ ಅದು ಅವರ ಬೀರುವಿನಲ್ಲಿದೆ.